ಕರೆಂಟ್ ಹೋದ ಮೇಲಿನ ಕುಣಿತ

ವಿದ್ಯಾನಗರದ ಸರ್ಕಾರಿ ಕಚೇರಿಯಲ್ಲಿ ನನ್ನ ಅರ್ಜಿಗೆ ಮುದ್ರೆ ಒತ್ತುತ್ತಿದ್ದ ಗುಮಾಸ್ತರ ಗುರುತು ಸಿಕ್ಕಿತು. ಹದಿನೈದು ವರ್ಷಗಳ ಹಿಂದೆ ಮಂಜೇಶ್ವರದ ಹಳೆಯ ಗೋದಾಮೊಂದರಲ್ಲಿ, ಮನೆಯವರಿಗೆ ತಿಳಿಯದಂತೆ ಪಂಕ್ ರಾಕ್ ನುಡಿಸುತ್ತಿದ್ದ ಎಲೆಕ್ಟ್ರಿಕ್ ಗಿಟಾರ್‌ವಾದಕ! ಒಂದು ರಾತ್ರಿ ಕರೆಂಟ್ ಹೋದರೂ ಅವರು ನಿಲ್ಲಿಸಲಿಲ್ಲ, ಬರೀ ತಂತಿಯ ಟಿಕ್‌ಟಿಕ್‌ಗೆ ಸೇರಿದವರೆಲ್ಲ ಕುಣಿದೆವು ಎಂದು ನಾನು ಹೇಳಿದಾಗಲೆಲ್ಲ ಗೆಳೆಯರು ನಗುತ್ತಿದ್ದರು. ಬರಬರುತ್ತ ನನಗೂ ಸಂಶಯ ಹುಟ್ಟಿತ್ತು. ಕೇಳಿಯೇ ಬಿಟ್ಟೆ.

“ಕರೆಂಟ್ ಹೋದದ್ದು ಹೌದು, ನಾನು ಬಾರಿಸಿದ್ದೂ ಹೌದು. ಆದರೆ ಕಣ್ಣು ಮುಚ್ಚಿಕೊಂಡು ಕುಣಿದದ್ದು ನೀವೊಬ್ಬರೇ ಮಾರಾಯ್ರೆ! ನೀವು ನಿಲ್ಲಿಸದೆ ನಾನು ನಿಲ್ಲಿಸುವುದು ಹೇಗೆ?” ಎಂದು ನಕ್ಕರು. “ಭಾನುವಾರ ಸಂಜೆ ಈಗಲೂ ಬಾರಿಸ್ಲಿಕ್ಕುಂಟು, ಬನ್ನಿ.”

ಹೋದೆ. ಕರೆಂಟ್ ಇತ್ತು, ಜನರೂ ಇದ್ದರು. ಈ ಸಲ ಕಣ್ಣು ತೆರೆದುಕೊಂಡೇ ಕುಣಿದೆ. ಹೌದು, ನಾನೊಬ್ಬನೇ!