ಗೆದ್ದವಳು ಕೆಳಗೆ ಕೂತಿದ್ದಳು

ಹುಲಿಗೆಮ್ಮ ಮೇಡಂಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಕೊನೆಯ ಬೆಂಚಿನವರು ಮುಂದೆ ಬಾಗಿ ಕೇಳಬೇಕಾಗುವಷ್ಟು ಇಳಿಯುತ್ತಿತ್ತು.

ಅವರು ಮಸರಕಲ್ಲಿನ ಕೂಲಿಕಾರ ಬೌದ್ಧ ಮನೆತನದವರು. ದೇವದುರ್ಗದ ನಮ್ಮ ಪಿಯು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ಎಣ್ಣೆ ಹಚ್ಚಿ ಬಿಗಿದ ತುರುಬು, ಕಂಕುಳಲ್ಲಿ ರಟ್ಟು ಕಿತ್ತ ಸಂವಿಧಾನದ ಪುಸ್ತಕ. "ಉರು ಹೊಡೀಬ್ಯಾಡ್ರಿ. ಏನು ಬರದಾರ ಅನ್ನೂದು ನೋಡ್ರಿ, ಏನು ಬರದಿಲ್ಲ ಅನ್ನೂದೂ ನೋಡ್ರಿ" ಎನ್ನುತ್ತಿದ್ದರು.

ಆ ಮಾತಿನ ಅರ್ಥ ನನಗೆ ತಿಳಿದದ್ದು ಒಂದು ಕಿರುಪರೀಕ್ಷೆಯಲ್ಲಿ. ರಾಷ್ಟ್ರಪತಿಯಾಗಲು ಬೇಕಾದ ಅರ್ಹತೆಗಳನ್ನು ಕೇಳಿದ್ದರು. ಭಾರತದ ಪ್ರಜೆಯಾಗಿರಬೇಕು, ಮೂವತ್ತೈದು ವರ್ಷ ತುಂಬಿರಬೇಕು, ಲೋಕಸಭೆಗೆ ಆಯ್ಕೆಯಾಗುವ ಅರ್ಹತೆ ಇರಬೇಕು, ಸರ್ಕಾರದ ಲಾಭದಾಯಕ ಹುದ್ದೆಯಲ್ಲಿರಬಾರದು. ಇಷ್ಟು ಬರೆದ ಮೇಲೂ ಹಾಳೆಯಲ್ಲಿ ಜಾಗ ಉಳಿದಿತ್ತು. ಐದನೆಯದಾಗಿ, ಒಳ್ಳೆಯ ಮನೆತನದವರಾಗಿರಬೇಕು ಎಂದು ಸೇರಿಸಿದೆ. ನಾನು ಮಾನ್ವಿಯ ವೈಷ್ಣವರ ಮನೆಯ ಹುಡುಗಿ. ನಮ್ಮಲ್ಲಿ ಯಾರ ಬಗ್ಗೆಯೇ ಆಗಲಿ, ಮೊದಲು ವಿಚಾರಿಸುತ್ತಿದ್ದುದು ಅದನ್ನೇ.

ಮೇಡಂ ಪುಸ್ತಕವನ್ನು ನನ್ನ ಮುಂದಿಟ್ಟರು. "ಈ ಐದನೇದು ಯಾವ ಪುಟದಾಗ ಅದ, ತೆಗದು ತೋರ್ಸು ವಾಣಿ."

ಪೀರಿಯಡ್ ಮುಗಿಯುವವರೆಗೆ ನನ್ನಿಂದ ಪುಟ ತಿರುವಿಸಿದರು. ಅದು ಎಲ್ಲಿಯೂ ಇರಲಿಲ್ಲ.

ಆ ವರ್ಷವೇ ಕಾಲೇಜಿನಲ್ಲಿ ಅಣಕು ಸಂಸತ್ತು ನಡೆಯಿತು. ಯಾರು ಏನಾಗಬೇಕೆಂದು ಮೇಡಂ ಚೀಟಿಯಲ್ಲಿ ಮತ ಹಾಕಿಸಿದರು. ರಾಷ್ಟ್ರಪತಿಯಾಗಿ ಗೆದ್ದವಳು ತಾಯಮ್ಮ, ಕಾಲೇಜಿನ ಕಸ ಹೊಡೆಯುವ ನಾಗಮ್ಮನ ಮಗಳು. ಪ್ರಮಾಣವಚನವನ್ನು ಎರಡೇ ದಿನದಲ್ಲಿ ಬಾಯಿಪಾಠ ಮಾಡಿದ್ದಳು. ಕಾರ್ಯಕ್ರಮದ ಹಿಂದಿನ ದಿನ ಪ್ರಿನ್ಸಿಪಾಲರು ಮೇಡಂ ಜೊತೆಗೆ ನನ್ನನ್ನೂ ಕರೆಸಿದರು. ರಾಯಚೂರಿನಿಂದ ದೊಡ್ಡ ಅತಿಥಿಗಳು ಬರುತ್ತಾರೆ, ರಾಷ್ಟ್ರಪತಿಯ ಕುರ್ಚಿಯಲ್ಲಿ ವಾಣಿ ಕೂರಲಿ ಎಂದರು. ಯಾಕೆಂದು ಮೇಡಂ ಕೇಳಿದಾಗ, "ನೋಡಾಕ ಒಂದು ಕಳಾ ಇರಬೇಕಲ್ರೀ" ಎಂದು ನಕ್ಕರು. ಆ ನಗುವನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಮೇಡಂ ದನಿ ನೆಲಕ್ಕಿಳಿಯಿತು. "ತಾಯಮ್ಮ ಭಾರತದ ಪ್ರಜಾ ಅದಾಳ. ಯಾವ ಲಾಭದ ಹುದ್ದಿಯೊಳಗೂ ಇಲ್ಲ. ಮೂವತ್ತೈದು ತುಂಬಿಲ್ಲ, ಖರೆ. ಈ ಹುಡುಗಿಗೂ ತುಂಬಿಲ್ಲ. ಮತ್ತ ಅಕಿಗೆ ಏನು ಕಡಿಮಿ ಬಿದ್ದದ, ನೀವ ಬಾಯಿಬಿಟ್ಟು ಹೇಳ್ರಿ ಸರ್."

ಪ್ರಿನ್ಸಿಪಾಲರು ಹೇಳಬೇಕಾಗಿಯೇ ಇರಲಿಲ್ಲ, ಆ ಕೋಣೆಯಲ್ಲಿದ್ದ ಮೂವರಿಗೂ ಅದು ಗೊತ್ತಿತ್ತು. ಮೇಡಂ ನನ್ನ ಕಡೆ ನೋಡಿದರು. ಒಲ್ಲೆ ಎನ್ನಲು ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಇನ್ನೊಂದು ಸಿಗುವಂತಿರಲಿಲ್ಲ. ನಾನು ತಲೆ ತಗ್ಗಿಸಿ ನಿಂತೆ. ಒಳಗೊಳಗೆ ಖುಷಿಯಾಗಿತ್ತು ಎಂಬುದನ್ನೂ ಇಲ್ಲಿ ಬರೆಯಲೇಬೇಕು.

ಮರುದಿನ ರೇಷ್ಮೆ ಸೀರೆ ಉಟ್ಟು ವೇದಿಕೆಯ ಮೇಲೆ ನಿಂತು, ಸಂವಿಧಾನವನ್ನು ಕಾಪಾಡುತ್ತೇನೆಂದು ಚೀಟಿ ನೋಡಿ ಓದಿದೆ. ಅತಿಥಿಗಳು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಂತ ಮೇಲೆ ಹಿಂದಿನ ಸಾಲಿನಿಂದ ಮೇಡಂ ಎದ್ದರು. ಪಕ್ಕದಲ್ಲಿ ತಾಯಮ್ಮ ಇದ್ದಳು.

"ಇಲ್ಲಿ ಮತ ಹಾಕಿಸಿದ್ವಿ. ಗೆದ್ದಾಕಿ ಕೆಳಗ ಕುಂತಾಳ, ನಮ್ಮ ಪ್ರಿನ್ಸಿಪಾಲರು ಆರಿಸಿದಾಕಿ ಮ್ಯಾಲ ನಿಂತಾಳ. ಬಂದವರಿಗೆ ಇದು ತಿಳದಿರಲಿ ಅಂತ ಹೇಳಿನಿ."

ಅಷ್ಟೇ ಹೇಳಿ ಕೂತರು. ಅತಿಥಿಗಳು ಕೆಮ್ಮಿದರು, ಕಾರ್ಯಕ್ರಮ ಮುಂದುವರಿಯಿತು. ಮರುವರ್ಷ ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ ಮೇಡಂ ಹೆಸರಿರಲಿಲ್ಲ. ಕಾರಣವನ್ನು ಯಾರೂ ಕಾಗದದ ಮೇಲೆ ಬರೆಯಲಿಲ್ಲ. ಇಂಥವರು ಯಾವತ್ತೂ ಬರೆಯುವುದಿಲ್ಲ.

ಈಗ ನಾನು ರಾಯಚೂರಿನ ಕಾಲೇಜೊಂದರಲ್ಲಿ ಅದೇ ರಾಜ್ಯಶಾಸ್ತ್ರ ಕಲಿಸುತ್ತೇನೆ. ಹೋದ ವರ್ಷ ಧೈರ್ಯ ಮಾಡಿ ಮಸರಕಲ್ಲಿಗೆ ಹೋದೆ. ಮೇಡಂ ಪಡಸಾಲೆಯಲ್ಲಿ ಐದಾರು ಹುಡುಗಿಯರನ್ನು ಕೂರಿಸಿಕೊಂಡು ಪರೀಕ್ಷೆಗೆ ತಯಾರು ಮಾಡುತ್ತಿದ್ದರು. ತುಂಬಾ ಇಳಿದುಹೋಗಿದ್ದರು, ಉಸಿರಾಡಲು ಕಷ್ಟಪಡುತ್ತಿದ್ದರು. ಚಹಾ ಕೊಟ್ಟರು. ಅವತ್ತು ನಾನು ಮಾಡಿದ್ದು ತಪ್ಪು ಎಂದೆ.

"ನನಗ್ಯಾಕ ಹೇಳ್ತಿ? ತಾಯಮ್ಮ ಮಾನ್ವಿ ದವಾಖಾನಿಯಾಗ ನರ್ಸ್ ಅದಾಳ. ಅಕಿ ಮುಂದ ನಿಂತು ಹೇಳು."

ಮುಂದಿನ ವಾರವೇ ಹೋಗುತ್ತೇನೆಂದೆ. ಮಾನ್ವಿ ನನ್ನ ತವರು. ಆಮೇಲೆ ಎರಡು ಸಲ ಅಲ್ಲಿಗೆ ಹೋದರೂ ದವಾಖಾನೆಯ ಕಡೆ ಕಾಲಿಡಲಿಲ್ಲ.

ಮೂರು ತಿಂಗಳಿಗೆ ಮೇಡಂ ತೀರಿಕೊಂಡ ಸುದ್ದಿ ಬಂತು. ನಾನು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದು, ಬುದ್ಧವಂದನೆಯೂ ಮುಗಿದಿತ್ತು. ಬಂದವರಿಗೆ ತಾಯಮ್ಮ ನೀರು ಕೊಡುತ್ತಿದ್ದಳು. ನನ್ನ ಗುರುತು ಹಿಡಿದು ನನಗೂ ಕೊಟ್ಟಳು. ಅಂಗಳದ ಮಂದಿಯ ನಡುವೆಯೇ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಇಷ್ಟು ತಡಾ ಮಾಡಬಾರದಿತ್ತು ವಾಣಿ. ಕಡೀತನಕ ಮೇಡಂ ಫೋನ್ ಮಾಡಿದಾಗೆಲ್ಲ ಕೇಳ್ತಿದ್ರು, ಅಕಿ ಬಂದಿದ್ಲೇನು ಅಂತ."