ನಿರಿಗೆ ಹಿಡಿದು ನಡೆದ ಅಂಬಮ್ಮ

ಕಮಲಾಪುರದ ಅಂಬಮ್ಮನನ್ನು ಮೊದಲ ಸಲ ನೋಡಿದವರು ಯಾರೇ ಆಗಲಿ, ಎಂಥ ಮರ್ಯಾದಸ್ಥ ಹುಡುಗಿ ಎನ್ನುತ್ತಿದ್ದರು. ಎಡಗೈಯಲ್ಲಿ ಸೀರೆಯ ನಿರಿಗೆ ಹಿಡಿದು, ಕೊಂಚ ಬಾಗಿ, ಅವಸರವಿಲ್ಲದೆ ನಡೆಯುತ್ತಿದ್ದಳು. ಪರ ಊರಿನಿಂದ ಬಂದ ಮುದುಕಿಯರಂತೂ ತಮ್ಮ ಸೊಸೆಯಂದಿರಿಗೆ, "ನೋಡ್ರೆ, ಹೆಣ್ಣು ಅಂದ್ರ ಹಿಂಗ ನಡೀಬೇಕು" ಎಂದು ಬುದ್ಧಿ ಹೇಳಿ ಹೋಗುತ್ತಿದ್ದರು. ಆ ಕೈ ಹಿಡಿದದ್ದು ನಿರಿಗೆಯನ್ನಲ್ಲ, ನಿರಿಗೆಯ ಹಿಂದಿನ ಮೊಣಕಾಲನ್ನು ಎಂಬುದು ಆ ಪುಣ್ಯಾತ್ಮರಿಗೆ ಗೊತ್ತಾಗುತ್ತಿರಲಿಲ್ಲ.

ಕೂಸಿದ್ದಾಗ ಪೋಲಿಯೋ ಬಡಿದು ಅವಳ ಎಡಗಾಲು ಸೊರಗಿತ್ತು. ಹೆಜ್ಜೆ ಹೆಜ್ಜೆಗೂ ಕೈಯಿಂದ ಮೊಣಕಾಲನ್ನು ಒತ್ತಿ ಹಿಡಿಯದಿದ್ದರೆ ಕಾಲು ಮಡಚಿ ನೆಲಕ್ಕೆ ಬೀಳುತ್ತಿದ್ದಳು. ಆ ಒತ್ತುವ ಕೈಯಲ್ಲೇ ನಿರಿಗೆ ಹಿಡಿದರೆ ನೋಡುವವರಿಗೆ ನಾಚಿಕೆಯ ಹಾಗೆ ಕಾಣುತ್ತದೆ ಎಂದು ಕಂಡುಹಿಡಿದವಳು ಅವಳ ಅವ್ವ ಶಂಕ್ರಮ್ಮ. ಮಗಳು ಸೀರೆ ಉಡಲು ಶುರುಮಾಡಿದ ದಿನದಿಂದ ಅಂಗಳದಲ್ಲಿ ನಡೆಸಿ ನಡೆಸಿ ಕಲಿಸಿದ್ದಳು. ನೆರೆಯವರಿಗೆ ವಿಷಯ ಗೊತ್ತಿತ್ತು, ಆದರೆ ಶಂಕ್ರಮ್ಮನ ಬಾಯಿಗೆ ಹೆದರಿ ಯಾರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಗಂಡಿನ ಕಡೆಯವರು ಬರುವ ದಿನ ಅಂಬಮ್ಮ ಮೊದಲೇ ಚಾಪೆಯ ಮೇಲೆ ಕುಳಿತಿರಬೇಕು, ಅವರು ಹೋಗುವ ತನಕ ಏಳಬಾರದು. ಹಾಗೆ ಕುಳಿತೂ ಎರಡು ಸಂಬಂಧ ತಪ್ಪಿದ್ದವು. ಸುದ್ದಿಗೆ ಕಾಲು ಕುಂಟಲ್ಲವಲ್ಲ!

ಅಂಬಮ್ಮನಿಗೆ ಗಂಡಿನ ಚಿಂತೆ ಅಷ್ಟಿರಲಿಲ್ಲ. ಅವಳ ಚಿಂತೆ ಬೇರೆ. ಅಪ್ಪ ತೀರಿಹೋದ ಮೇಲೆ ಶಂಕ್ರಮ್ಮ ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರಿ ಮನೆ ನಡೆಸುತ್ತಿದ್ದಳು. ಹುಮನಾಬಾದಿನ ಕಡೆಯ ಬಸ್ಸು ಬಂದು ನಿಂತೊಡನೆ ಬುಟ್ಟಿ ಎತ್ತಿಕೊಂಡು ಕಿಟಕಿಗೆ ಹೋಗಬೇಕು. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ಹಣ್ಣು, ಚಿಲ್ಲರೆ. ವಯಸ್ಸಾದ ಶಂಕ್ರಮ್ಮನಿಗೆ ಈಗ ಉಬ್ಬಸ. ಅವ್ವ ಏದುಸಿರು ಬಿಡುತ್ತ ಕಿಟಕಿಯಿಂದ ಕಿಟಕಿಗೆ ಹೋಗುವುದನ್ನು ಮಗಳು ಕಟ್ಟೆಯ ಮೇಲೆ ಕುಳಿತು ನೋಡಬೇಕು. ಬೆಳೆದ ಮಗಳಿಗೆ ಅದು ನುಂಗಲಾರದ ತುತ್ತಾಗಿತ್ತು. ಅವಳಿಗೆ ಬೇಕಾದದ್ದು ಒಂದೇ, ನಡೆಯುವಾಗ ಎರಡು ಕೈ.

ತೊಂಬತ್ತೆಂಟನೇ ಇಸವಿಯ ಸುಮಾರಿಗೆ ಊರಿನ ದವಾಖಾನೆಯ ನರ್ಸ್ ಶಾರದಾಬಾಯಿ ಒಂದು ಮಾತು ಹೇಳಿದಳು. "ಸರಕಾರದಾಗ ನಿನ್ನಂಥವರಿಗೆ ಕ್ಯಾಲಿಪರ್ ಅಂತ ಕೊಡ್ತಾರವ್ವ. ತೊಡಿಯಿಂದ ಪಾದದ ತನ ಕಬ್ಬಿಣದ ಪಟ್ಟಿ, ಕೆಳಗ ಬೂಟು. ಮೊಣಕಾಲ ಅದೇ ಹಿಡಕೊಂತದ, ಕೈ ಬೇಕಾಗಂಗಿಲ್ಲ. ಕಲಬುರಗಿ ದೊಡ್ಡ ದವಾಖಾನಿಗಿ ಹೋಗಿ ಸರ್ಟಿಫಿಕೇಟ್ ಮಾಡಿಸ್ಕೊಂಡು ಬಾ. ಕಾಲಿನ ಊನ ನಲವತ್ತು ಪರ್ಸೆಂಟರೇ ಇರಬೇಕು ನೋಡು."

ಶಂಕ್ರಮ್ಮ ಮೊದಲು ಒಪ್ಪಲಿಲ್ಲ. ಸರಕಾರದ ಕಾಗದದಲ್ಲಿ ಅಂಗವಿಕಲೆ ಎಂದು ಬರೆಸಿಕೊಂಡ ಹೆಣ್ಣನ್ನು ಯಾರು ಮಾಡಿಕೊಳ್ಳುತ್ತಾರೆ? ಆದರೆ ಅಂಬಮ್ಮ ಹಿಡಿದ ಮೊಲಕ್ಕೆ ಮೂರೇ ಕಾಲು. ಕಡೆಗೆ ಅವ್ವ ಸೋತಳು, ತನ್ನ ರೀತಿಯಲ್ಲೇ ತಯಾರಿ ಮಾಡಿದಳು. ಮಗಳಿಗೆ ಇಳಕಲ್ ಸೀರೆ ಉಡಿಸಿದಳು, ತಲೆಗೆ ಹೂ ಮುಡಿಸಿದಳು, ಕೈತುಂಬ ಬಳೆ ಹಾಕಿದಳು. ದೊಡ್ಡ ಮಂದಿಯ ಮುಂದೆ ಹೋಗುವಾಗ ಹೀಗೇ ಹೋಗಬೇಕೆಂಬುದು ಅವಳ ಲೆಕ್ಕ.

ದವಾಖಾನೆಯಲ್ಲಿ ಡಾಕ್ಟರ ಕೋಣೆಯ ಮುಂದೆ ಹನುಮಂತನ ಬಾಲದಂಥ ಸಾಲು. ಸರದಿ ಬಂದಾಗ ಡಾಕ್ಟರು, "ನಡೀವ್ವ ನೋಡೋಣು" ಎಂದರು. ಹೊಸ ಜಾಗ, ಗಂಡಸರು ಕುಳಿತು ನೋಡುತ್ತಿದ್ದಾರೆ. ಅಂಬಮ್ಮನ ಕೈ ತಾನಾಗಿಯೇ ನಿರಿಗೆಗೆ ಹೋಯಿತು. ಕಲಿತದ್ದು ಎಲ್ಲಿಗೆ ಹೋಗುತ್ತದೆ? ಈ ತುದಿಯಿಂದ ಆ ತುದಿಗೆ ಮದುಮಗಳಂತೆ ನಡೆದಳು.

"ಏನ್ ತ್ರಾಸ ಅದ?" ಎಂದರು ಡಾಕ್ಟರು.

ಮಗಳು ಬಾಯಿ ತೆರೆಯುವ ಮೊದಲೇ ಶಂಕ್ರಮ್ಮ ಶುರುಮಾಡಿದಳು. "ತ್ರಾಸ ಏನಿಲ್ಲ್ರೀ ಸಾಹೇಬ್ರ. ರೊಟ್ಟಿ ಬಡೀತಾಳ, ಭಾಂಡಿ ತಿಕ್ಕತಾಳ, ಕಸೂತಿ ಹಾಕ್ತಾಳ. ಜರಾ ಮೆಲ್ಲಕ ನಡೀತಾಳ, ಅಷ್ಟಽ ನೋಡ್ರಿ." ಗಂಡಿನ ಕಡೆಯವರ ಮುಂದೆ ಹೇಳಿ ಹೇಳಿ ಬಾಯಿಪಾಠವಾದ ಮಾತು! ಡಾಕ್ಟರು ಕಾಲು ತೋರಿಸಲು ಹೇಳಿದಾಗ, "ಹೆಣ್ಮಗಳರೀ" ಎಂದು ಸೀರೆಯಂಚನ್ನು ಪಾದದ ಗಂಟಿನಿಂದ ಮೇಲೆ ಏರಲು ಬಿಡಲಿಲ್ಲ. ಡಾಕ್ಟರು ಹೊರಗಿನ ಸಾಲನ್ನು ನೋಡಿದರು, ಮೂವತ್ತು ಪರ್ಸೆಂಟ್ ಎಂದು ಬರೆದು ಕಳಿಸಿದರು. ಮೂವತ್ತಕ್ಕೆ ಸರಕಾರದಿಂದ ಏನೂ ಸಿಗುವುದಿಲ್ಲ ಎಂದು ಗುಮಾಸ್ತ ಹೇಳಿದಾಗ ಅಂಬಮ್ಮ ಅಳುತ್ತ ಹೊರಗೆ ಬಂದಳು.

ಹೊರಗೆ ಬೇವಿನ ಗಿಡದ ಕೆಳಗೆ ಮೂರು ಗಾಲಿಯ ಸೈಕಲ್ಲಿನಲ್ಲಿ ಕುಳಿತಿದ್ದಳು ಫರೀದಾ, ಮೋಮಿನಪುರದಲ್ಲಿ ಹೊಲಿಗೆ ಮಾಡುವಾಕೆ. ಅವಳ ಎರಡೂ ಕಾಲು ಹೋಗಿದ್ದವು, ಬಾಯಿ ಮಾತ್ರ ಗಟ್ಟಿ. "ಏ ಬಹೆನ್, ಇಷ್ಟು ಸಿಂಗಾರ ಮಾಡ್ಕೊಂಡು ಯಾರ ಶಾದಿಗಿ ಬಂದೀ?" ಎಂದು ನಕ್ಕಳು. ಅಂಬಮ್ಮ ಅಳುತ್ತಲೇ ನಡೆದದ್ದನ್ನು ಹೇಳಿದಳು. ಫರೀದಾಳ ನಗು ನಿಂತಿತು. "ಡಾಕ್ಟರ್ ಸಾಬ್ ಏನು ಗಂಡಿನ ಕಡಿಯವ್ರೇನು? ವಕೀಲನ ಮುಂದ, ವೈದ್ಯನ ಮುಂದ ಮುಚ್ಚಬಾರದು ಅಂತಾರ. ಅಳದ ಕೂಸಿಗಿ ಅವ್ವನೇ ಹಾಲು ಕೊಡಂಗಿಲ್ಲ, ಸರಕಾರ ಕೊಡ್ತದೇನು? ಮತ್ತೊಮ್ಮಿ ಅರ್ಜಿ ಹಾಕು. ಇದ್ದದ್ದು ಇದ್ದಂಗ ತೋರಸು."

ಅವ್ವನ ಜೊತೆ ಕಮಲಾಪುರದಲ್ಲಿ ಬಸ್ಸಿನಿಂದ ಇಳಿದ ಮೇಲೆ ಅಂಬಮ್ಮ ಹಿಡಿದಿದ್ದ ನಿರಿಗೆಯನ್ನು ಬಿಟ್ಟಳು. ಅಂಗೈಯನ್ನು ನೇರವಾಗಿ ಮೊಣಕಾಲ ಮೇಲೆ ಊರಿ, ಮೈಯನ್ನು ಒಂದು ಕಡೆಗೆ ವಾಲಿಸಿ, ತನಗೆ ಹೇಗೆ ಸಲೀಸೋ ಹಾಗೆ ನಡೆದಳು.

"ಏ ಅಂಬವ್ವ, ನಿರಿಗಿ ಹಿಡಿಯವ್ವ! ಮಂದಿ ನೋಡಾಕತ್ತಾರ!"

"ನೋಡ್ಲಿ ಬಿಡು. ಮಂದಿ ಬಂದು ಬುಟ್ಟಿ ಹೊರ್ತಾರೇನು?"

ಅವತ್ತಿನಿಂದ ಊರಲ್ಲೂ ಹಾಗೇ ನಡೆದಳು. ಮಕ್ಕಳು ಅಣಕಿಸಿದವು, ಓಣಿಯವರು ಪಿಸುಗುಟ್ಟಿದರು, ಶಂಕ್ರಮ್ಮ ಒಲೆಯ ಮುಂದೆ ಕುಳಿತು ಅತ್ತಳು. ಅಂಬಮ್ಮನಿಗೂ ನಾಚಿಕೆಯಾಗದೆ ಇರಲಿಲ್ಲ. ಆದರೆ ಇನ್ನೊಂದು ಸಲ ಆ ಕೋಣೆಗೆ ಹೋದಾಗ ತನ್ನ ಕೈ ತನಗೇ ಮೋಸ ಮಾಡಬಾರದು. ಅದಕ್ಕೆ ಊರ ತುಂಬ ನಡೆದು ಕೈಯ ಚಟ ಬಿಡಿಸುತ್ತಿದ್ದಳು.

ಮತ್ತೆ ಅರ್ಜಿ ಹಾಕಿದಳು. ದವಾಖಾನೆಗೆ ಹೋದ ದಿನ ಹೂವಿಲ್ಲ, ಇಳಕಲ್ ಇಲ್ಲ, ಮನೆಯಲ್ಲಿ ಉಡುವ ಸೀರೆ. ಶಂಕ್ರಮ್ಮ ಬಾಯಿ ಬಿಗಿದುಕೊಂಡು ಹಿಂದೆ ಬಂದಳು. ಕುರ್ಚಿಯಲ್ಲಿ ಅದೇ ಡಾಕ್ಟರು. ಅಂಬಮ್ಮ ಮೊಣಕಾಲು ಒತ್ತಿ ನಡೆದು ತೋರಿಸಿದಳು. ಡಾಕ್ಟರು ಹಳೆಯ ಕಾಗದ ನೋಡಿದರು, ಅವಳ ಮುಖ ನೋಡಿದರು. ದಿನಾ ಸುಳ್ಳು ಕುಂಟರನ್ನು ನೋಡಿ ನೋಡಿ ಬೇಸತ್ತವರು ಅವರು.

"ಹೋದ ಸರ್ತಿ ಛಂದ ನಡೆದಿದ್ದಿ. ಈಗ ಯಾರು ಕಲಿಸಿ ಕಳಿಸ್ಯಾರ ಈ ನಾಟಕ?"

ಸುಳ್ಳು ನಡೆದಾಗ ನಂಬಿದರು, ಖರೇ ನಡೆದಾಗ ನಾಟಕ ಎನ್ನುತ್ತಾರೆ! "ಇದು ನಾಟಕ ಅಲ್ಲ್ರೀ" ಎಂದಳು ಅಂಬಮ್ಮ. ನಿಂತ ಜಾಗ ಬಿಟ್ಟು ಕದಲಲಿಲ್ಲ. ಡಾಕ್ಟರು ಮುಂದಿನವರನ್ನು ಕರೆಯಲು ಗಂಟೆಗೆ ಕೈ ಹಾಕಿದರು.

ಆಗ ಬಾಗಿಲ ಬಳಿ ನಿಂತಿದ್ದ ಶಂಕ್ರಮ್ಮ ಮುಂದೆ ಬಂದಳು. "ನಾಟಕ ಹೋದ ಸರ್ತಿ ಮಾಡಿದ್ದು ರೀ ಸಾಹೇಬ್ರ. ಕಲಿಸಿದಾಕಿ ನಾನೇ. ಇಕಿ ಲಗ್ನ ಆಗಲಿ ಅಂತ ಸಣ್ಣಾಕಿದ್ದಾಗಿಂದ ಕಲಿಸೀನಿ. ಮುಚ್ಚಿ ಮುಚ್ಚಿ ನನ್ನ ಮಗಳಿಗಿ ನಾನೇ ಅಡ್ಡ ನಿಂತೀನಿ ರೀ." ಹೇಳುತ್ತ ಹೇಳುತ್ತ ನೆಲಕ್ಕೆ ಕುಳಿತು, ಮಗಳ ಸೀರೆಯನ್ನು ತೊಡೆಯ ತನಕ ಎತ್ತಿ ಹಿಡಿದಳು. ಇನ್ನೊಬ್ಬರಿಗೆ ಎಂದೂ ತೋರಿಸದಿದ್ದ ಆ ಕಾಲು ಜೋಳದ ದಂಟಿನಷ್ಟು ತೆಳ್ಳಗಿತ್ತು.

ಡಾಕ್ಟರು ಎದ್ದು ಬಂದರು. ಟೇಪು ಹಿಡಿದು ಎರಡೂ ಕಾಲು ಅಳೆದರು, ಮೊಣಕಾಲು ಮಡಚಿಸಿ ನೋಡಿದರು. "ಇದನ್ನ ಮೊದಲೇ ತೋರಿಸಬೇಕಿಲ್ಲೇನವ್ವ?" ಎಂದು ಅರವತ್ತು ಪರ್ಸೆಂಟ್ ಬರೆದರು.

ಅಲ್ಲಿಗೆ ಮುಗಿಯಿತೆಂದು ತಿಳಿದರೆ ನಿಮಗೆ ಸರಕಾರದ ಪರಿಚಯವಿಲ್ಲ ಎಂದರ್ಥ. ಸಾಮಾನು ಹಂಚುವ ಶಿಬಿರ ಕಲಬುರಗಿಯ ಒಂದು ಮೈದಾನದಲ್ಲಿ. ಅಲ್ಲಿ ಹೊಸ ಮೂರು ಗಾಲಿಯ ಸೈಕಲ್ಲುಗಳು ಥಳಥಳ ಹೊಳೆಯುತ್ತ ನಿಂತಿದ್ದವು. "ಸೈಕಲ್ ತಗೊಂಡು ಹೋಗವ್ವ. ಕ್ಯಾಲಿಪರ್‌ಗೆ ಅಳತಿ ಕೊಟ್ಟು ತಿಂಗಳಾನುಗಟ್ಟಲೆ ಕಾಯಬೇಕು, ಬಂದ್ರ ಬಂತು" ಎಂದ ಅಧಿಕಾರಿ. ಸಾಲಿನಲ್ಲಿದ್ದವರೂ ಅದನ್ನೇ ಹೇಳಿದರು. ಕೈಗೆ ಬಂದ ತುತ್ತು ಬಿಡುವವರುಂಟೇ?

ಅಂಬಮ್ಮ ಒಂದು ಸೈಕಲ್ಲಿನ ಹತ್ತಿರ ಹೋಗಿ ಹ್ಯಾಂಡಲ್ ತಿರುಗಿಸಿ ನೋಡಿದಳು. ಫರೀದಾಳಿಗೆ ಅದು ಕಾಲು, ರೆಕ್ಕೆ ಎರಡೂ ಆಗಿತ್ತು. ತನಗೆ? "ಇದನ್ನ ನಡಸಾಕ ಎರಡೂ ಕೈ ಬೇಕ್ರಿ" ಎಂದಳು. "ನಾ ಬಂದಿದ್ದು ಕೈ ಕೇಳಾಕ. ಇದ್ದ ಒಂದು ಕೈನೂ ನಿಮಗಽ ಕೊಟ್ಟು ಹೋಗಲೇನು? ಅಳತಿ ತಗೋರಿ, ಕಾಯ್ತೀನಿ."

ಕಾದಳು. ಬರೀ ಕಾಯಲಿಲ್ಲ, ಮತ್ತೆ ಮತ್ತೆ ಕಲಬುರಗಿಯ ಬಸ್ಸು ಹತ್ತಿ ಕಚೇರಿಯ ಬಾಗಿಲಲ್ಲಿ ನಿಂತು ಕೇಳಿದಳು. ಅವಳನ್ನು ಕಂಡರೆ ಗುಮಾಸ್ತನೇ ಎದ್ದು, "ಬಂದಿಲ್ಲವ್ವಾ ತಾಯಿ, ಬಂದಿಲ್ಲ" ಎಂದು ಕೈಮುಗಿಯುವಂತಾಯಿತು. ಮಳೆಗಾಲ ಕಳೆದ ಮೇಲೆ ಕ್ಯಾಲಿಪರ್ ಬಂತು. ಮೊದಮೊದಲು ಪಟ್ಟಿ ಉಜ್ಜಿ ತೊಡೆ ಕೆಂಪಾಯಿತು, ಬೊಬ್ಬೆ ಎದ್ದವು. ಅಂಬಮ್ಮ ಹಲ್ಲು ಕಚ್ಚಿ ಗೋಡೆ ಹಿಡಿದು ನಡೆದಳು, ಆಮೇಲೆ ಗೋಡೆಯನ್ನೂ ಬಿಟ್ಟಳು. ಗೋಡೆ ಬಿಟ್ಟ ದಿನ ಎರಡೂ ಕೈ ಗಾಳಿಯಲ್ಲಿ ಎತ್ತಿ ಹುಚ್ಚಿಯ ಹಾಗೆ ನಕ್ಕಳು.

ಬುಟ್ಟಿ ಹೊತ್ತು ಬಸ್ ಸ್ಟ್ಯಾಂಡಿಗೆ ಹೋದ ಮೊದಲ ದಿನ ಒಂದು ಫಜೀತಿ ಆಯಿತು. ಉದ್ದಕ್ಕೆ ಉಟ್ಟ ಸೀರೆ ಕಬ್ಬಿಣದ ಕೀಲಿಗೆ ಸಿಕ್ಕಿ ಮುಗ್ಗರಿಸಿದಳು. ಹಣ್ಣು ಚೆಲ್ಲುವುದೊಂದು ಬಾಕಿ. ಅಷ್ಟರಲ್ಲಿ ಹುಮನಾಬಾದಿನ ಬಸ್ಸು ಧೂಳೆಬ್ಬಿಸುತ್ತ ಬಂದು ನಿಂತಿತು. ಕಿಟಕಿಗಳಿಂದ ಮುಖಗಳು ಹೊರಬಂದವು. ಕಟ್ಟೆಯ ಮೇಲೆ ಗಂಡಸರು, ಮಕ್ಕಳು, ಅರ್ಧ ಊರು.

ಶಂಕ್ರಮ್ಮ ಏದುಸಿರು ಬಿಡುತ್ತ ಬಂದು ಮಗಳ ಮುಂದೆ ಮಂಡಿಯೂರಿದಳು. ಜೀವನವಿಡೀ ಯಾವ ಅಂಚನ್ನು ಕೆಳಗೆ ಎಳೆದಿದ್ದಳೋ ಅದೇ ಅಂಚನ್ನು ಅಷ್ಟೂ ಮಂದಿಯ ಮುಂದೆ ಗೇಣಿನ ಮೇಲೆ ಗೇಣು ಎತ್ತಿ, ನಿರಿಗೆಯನ್ನು ಮಗಳ ಸೊಂಟಕ್ಕೆ ಗಟ್ಟಿಯಾಗಿ ಸಿಕ್ಕಿಸಿದಳು. ಬಿಸಿಲಿಗೆ ಕಬ್ಬಿಣದ ಪಟ್ಟಿ ಮಿಂಚಿತು.

"ಹಾಂ, ಈಗ ನಡಿ" ಎಂದಳು. "ಬಸ್ ಹೊಂಟು ಹೋಗ್ತದ."