ಸಿಡಿಲು ಹುಡುಕುವ ಕಾಲು

ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವರಿಗೆ ನಮ್ಮ ಧಾರವಾಡದ ಕಡೆ ಪಾಯಾಳು ಎನ್ನುತ್ತಾರೆ. ಪಾಯಾಳುಗಳ ಬಗ್ಗೆ ನಮ್ಮ ಓಣಿಗೆ ಎರಡು ಸಂಗತಿ ಖಾತ್ರಿಯಾಗಿ ಗೊತ್ತಿದ್ದವು. ಒಂದು, ಅವರ ಕಾಲು ತಾಗಿದರೆ ಹಿಡಿದ ಟೊಂಕ ಬಿಡುತ್ತದೆ. ಇನ್ನೊಂದು, ಸಿಡಿಲು ಅವರನ್ನೇ ಹುಡುಕಿಕೊಂಡು ಬರುತ್ತದೆ. ನಮ್ಮ ಮನೆಯ ಪಾಯಾಳು ನಾನು. ಅಕ್ಕನಾದ ನನ್ನ ಬೆನ್ನಿಗೇ ಬಂದ ಅವಳಿ ತಮ್ಮ ನನಗಿಂತ ಒಂದು ಬಟ್ಟಲು ಚಹಾ ಆರುವಷ್ಟು ಹೊತ್ತು ಚಿಕ್ಕವನು. ಅಷ್ಟರಲ್ಲೇ ನಮ್ಮ ಪಾಲು ಬೇರೆಯಾಗಿತ್ತು. ಅವನಿಗೆ ಊರ ತುಂಬ ಬಯಲು, ನನಗೆ ಒಂದು ಕತ್ತಲೆ ಕೋಣೆ.

ಬೇಸಿಗೆ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಅಡ್ಡಮಳೆ ಬರುತ್ತದೆ. ಮಧ್ಯಾಹ್ನದ ತನಕ ಉರಿಬಿಸಿಲು, ಆಮೇಲೆ ಕೆಲಗೇರಿ ಕೆರೆಯ ಕಡೆಯಿಂದ ಕರಿಮೋಡ, ಆಮೇಲೆ ಹನಿಗಿಂತ ಸದ್ದೇ ಹೆಚ್ಚು. ಮೊದಲ ಗುಡುಗು ಕೇಳಿದ್ದೇ ತಡ, ಅವ್ವ ನನ್ನನ್ನು ಕಾಳು ತುಂಬಿಡುವ ಕೋಣೆಗೆ ಎಳೆದೊಯ್ದು, ಮಣೆಯ ಮೇಲೆ ಕೂರಿಸಿ, ಎರಡೂ ಕಾಲನ್ನು ಮೊಣಕಾಲ ತನಕ ಜೋಳದ ಚೀಲದಲ್ಲಿ ಹೂಳುತ್ತಿದ್ದಳು. ಸಿಡಿಲಿಗೆ ನನ್ನ ಕಾಲು ಕಾಣಬಾರದು ಎಂಬುದು ಅವಳ ವಿಚಾರ. ಹೆಂಚು, ಅಟ್ಟ, ಬಾಗಿಲು ಎಲ್ಲವನ್ನೂ ತೂರಿ ನೋಡಬಲ್ಲ ಸಿಡಿಲಿಗೆ ಜೋಳವನ್ನು ತೂರಿ ನೋಡಲು ಮಾತ್ರ ಬರುತ್ತಿರಲಿಲ್ಲವಂತೆ. ಮಳೆ ನಿಂತ ಮೇಲೆ ಅದೇ ಜೋಳ ಬೀಸಿ ರೊಟ್ಟಿ ಬಡಿಯುತ್ತಿದ್ದರು. ನಿಮ್ಮ ಮನೆಯ ರೊಟ್ಟಿಯ ರುಚಿಯೇ ಬೇರೆ ಎಂದು ಹೊಗಳಿ ಹೋದ ಬೀಗರಿಗೆ ನಾನು ಏನೂ ಹೇಳಲಿಲ್ಲ.

ತಮ್ಮನಿಗೆ ಈ ಯಾವ ಕಾಟವೂ ಇರಲಿಲ್ಲ. ಗುಡುಗುವಾಗಲೇ ಮಾವಿನ ಮರ ಹತ್ತುವುದು, ಗುಡುಗುವಾಗಲೇ ಕೆರೆಗೆ ಹಾರುವುದು ಅವನ ಚಟ. ಅವನು ಮನೆಗೆ ಬರುವ ತನಕ ಅವ್ವ ಹೊಸ್ತಿಲಲ್ಲಿ ನಿಂತು ಅರ್ಜುನನ ಹತ್ತು ಹೆಸರು ಹೇಳುತ್ತಿದ್ದಳು. ಗುಡುಗಿದಾಗ ಆ ಹೆಸರು ಹೇಳಿದರೆ ಸಿಡಿಲು ದೂರ ಹೋಗುತ್ತದೆ ಎಂದು ಎಲ್ಲರೂ ಹೇಳುವುದುಂಟು. ಅದೆಲ್ಲ ನನ್ನ ಸಲುವಾಗಿ ಎಂದುಕೊಂಡು ನನಗೆ ಒಳಗೊಳಗೇ ಹಿಗ್ಗು.

ತೊಯ್ದು ಬಂದವನು ತಲೆ ಒರೆಸಿಕೊಂಡು ನನ್ನ ಕೋಣೆಯ ಬಾಗಿಲ ಹೊರಗೆ ಕೂಡುತ್ತಿದ್ದ. ಒಳಗೆ ಮಾತ್ರ ಬರುತ್ತಿರಲಿಲ್ಲ. ಪಾಯಾಳಿನ ಪಕ್ಕ ಕೂತು ಸಾಯಲು ಅವನಿಗೇನು ಹುಚ್ಚೇ? ಹೊರಗಿನಿಂದಲೇ ಆ ದಿನದ ಮಿಂಚಿನ ವರದಿ ಒಪ್ಪಿಸುತ್ತಿದ್ದ. ಇವತ್ತಿನದು ಬೇಸಿಗೆಯಲ್ಲಿ ಕೆರೆಯ ತಳ ಬಿರಿದ ಹಾಗಿತ್ತು, ನಿನ್ನೆಯದು ಅಜ್ಜಿಯ ಕೈಮೇಲಿನ ನರದ ಹಾಗೆ, ಮೊನ್ನೆಯದು ಮೋಡದೊಳಗೇ ಹತ್ತಿ ಮೋಡದೊಳಗೇ ಆರಿತು, ನೆಲಕ್ಕೆ ಬರಲೇ ಇಲ್ಲ. ಬೆಳಕು ಮೊದಲು, ಸದ್ದು ಆಮೇಲೆ ಯಾಕೆ ಎಂದು ನಾನು ಒಳಗಿನಿಂದ ಕೇಳಿದರೆ, ಮರುದಿನ ಸಾಲೆಯಲ್ಲಿ ಮಾಸ್ತರರನ್ನು ಕೇಳಿ ಬಂದು ಹೇಳುತ್ತಿದ್ದ. ಬಾಗಿಲ ಸಂದಿಯ ಒಂದು ಗೆರೆ ಬೆಳಕು ಬಿಟ್ಟರೆ ನಾನು ಮಿಂಚನ್ನೇ ನೋಡಿದವಳಲ್ಲ. ಯಾರು ನನ್ನನ್ನು ಅಷ್ಟೊಂದು ಹುಡುಕುತ್ತಿದ್ದಾರೋ ಅವರ ಮುಖ ಒಮ್ಮೆಯಾದರೂ ನೋಡಬೇಕೆಂದು ಜೀವ ಹಪಹಪಿಸುತ್ತಿತ್ತು.

ಆಕಾಶ ತಿಳಿಯಾಗಿದ್ದಾಗ ಮಾತ್ರ ನನಗೆ ಎಲ್ಲಿಲ್ಲದ ಬೆಲೆ. ಒಮ್ಮೆ ವಕೀಲರೊಬ್ಬರು ಟೊಂಕ ಹಿಡಿದು, ಇಬ್ಬರ ಹೆಗಲ ಮೇಲೆ ಕೈಹಾಕಿ ಬಂದರು. ಕಟ್ಟೆಯ ಮೇಲೆ ಬೋರಲು ಮಲಗಿದರು. ನಾನು ಅವರ ಟೊಂಕದ ಮೇಲೆ ಎಡಗಾಲು ಇಡುವುದಕ್ಕೂ ಎಲ್ಲೋ ದೂರ ಗುಡುಗುವುದಕ್ಕೂ ಸರಿಹೋಯಿತು. ವಕೀಲರು ಧೋತರ ಎತ್ತಿ ಹಿಡಿದು ಓಡಿದ ಓಟಕ್ಕೆ ಅವರನ್ನು ಹಿಡಿದು ತಂದಿದ್ದ ಇಬ್ಬರೂ ಹಿಂದೆ ಬಿದ್ದರು. ಟೊಂಕ ಪೂರಾ ಬಿಟ್ಟಿದೆ ಎಂದು ಮರುದಿನ ಫೇಡೆ ಕಳಿಸಿದರು. ನನ್ನ ಕೀರ್ತಿ ಹಳೇ ಹುಬ್ಬಳ್ಳಿಯ ತನಕ ಹೋಯಿತು.

ಸಾಲೆಯಲ್ಲೂ ಇದೇ ಕತೆ. ಮೋಡ ಕವಿದರೆ ನನ್ನ ಬೆಂಚು ಖಾಲಿ. ಪಾಠ ಹೇಳುವ ಬಾಯಿಯವರು ನನ್ನನ್ನು ಮನೆಗೆ ಕಳಿಸಿ ನಿಟ್ಟುಸಿರು ಬಿಡುತ್ತಿದ್ದರು. ಗಣಿತದ ಪರೀಕ್ಷೆಯ ದಿನ ಮೋಡವಾಗಿದ್ದಾಗ ಇನ್ನೊಬ್ಬ ಹುಡುಗಿ ತಾನೂ ಪಾಯಾಳು ಎಂದು ಎದ್ದು ನಿಂತಳು. ಅವಳ ಅವ್ವನನ್ನು ಕರೆಸಿ ವಿಚಾರಿಸಿದರು. ನನ್ನ ಅವ್ವನನ್ನು ಯಾರೂ ವಿಚಾರಿಸಿರಲಿಲ್ಲ.

ಹೀಗೆಯೇ ಅರವತ್ತರ ದಶಕ ಅರ್ಧ ಆಗುತ್ತ ಬಂತು. ನನಗೆ ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಆದೇಶ ಬಂತು. ತರಬೇತಿ ಪುಣೆಯಲ್ಲಿ, ಜೂನಿನಲ್ಲಿ ಮಿರ್ಗದ ಮಳೆ ಕೂಡುವ ಸುಮಾರಿಗೆ. ಹೇಳಿದ ದಿನ ಹಾಜರಾಗದಿದ್ದರೆ ಕೆಲಸ ಇನ್ನೊಬ್ಬರಿಗೆ. ಓದಿ ನನಗೆ ಕುಣಿಯುವಷ್ಟು ಸಂತೋಷ. ಮನೆಯಲ್ಲಿ ಸೂತಕದ ಕಳೆ. ಮಳೆಗಾಲದ ಬಾಯಲ್ಲಿ, ಕಬ್ಬಿಣದ ಗಾಡಿಯಲ್ಲಿ, ಊರೂರಿನ ತಂತಿ ಒಂದೆಡೆ ಬಂದು ಕೂಡುವ ಕಚೇರಿಗೆ ಪಾಯಾಳನ್ನು ಕಳಿಸುವುದೆಂದರೆ ಸಿಡಿಲಿಗೆ ಅಕ್ಷತೆ ಕೊಟ್ಟು ಕರೆದಂತೆ ಎಂದರು. ದೀಪಾವಳಿ ಆದ ಮೇಲೆ ಹೋಗಲಿ ಎಂದು ಅವ್ವ ಹಟ ಹಿಡಿದಳು. ಅಪ್ಪ ಸರಕಾರಿ ಕಚೇರಿಯ ಗುಮಾಸ್ತರು. ಎರಡೂ ಕಡೆಯ ಅಹವಾಲು ಕೇಳಿ, ನಾಳೆ ನೋಡೋಣ ಎಂದರು. ಈ ಕೆಲಸ ಹೋದರೆ ನಾನು ಸಾಯುವ ತನಕ ಜೋಳದ ಚೀಲದಲ್ಲೇ ಎಂದು ನನಗೆ ಗೊತ್ತಿತ್ತು. ಊಟ ಬಿಟ್ಟೆ. ಕೋಣೆಗೆ ಹೋಗಿ ಒಳಗಿನಿಂದ ಅಗಳಿ ಹಾಕಿಕೊಂಡೆ. ಆ ಕೋಣೆಗೆ ನಾನಾಗಿಯೇ ಹೋದದ್ದು ಅದೊಂದೇ ಸಲ.

ಕಡೆಗೆ ಹಳೇ ಹುಬ್ಬಳ್ಳಿಯಿಂದ ಕಾಕಾನನ್ನು ಕರೆಸಿದರು. ಅಪ್ಪನ ತಮ್ಮ, ಅರಿವೆ ಅಂಗಡಿಯವನು. ಮುಂಬಯಿಯ ತನಕ ಹೋಗಿ ಜೀವಂತ ಮರಳಿ ಬಂದವನಾದ್ದರಿಂದ ಪ್ರಯಾಣದ ಮಾತಿನಲ್ಲಿ ಅವನದೇ ಕೊನೆಯ ತೀರ್ಪು. ಹುಡುಗಿ ಹೋಗಲಿ, ಆದರೆ ಶಿಸ್ತಿನಿಂದ ಹೋಗಲಿ ಎಂದ. ಇಂಜಿನ್ನಿಗೆ ಬೆನ್ನು ಮಾಡಿ ಕೂಡಬೇಕು, ಇಲ್ಲವಾದರೆ ಕಣ್ಣಲ್ಲಿ ಕಲ್ಲಿದ್ದಲ ಕಿಡಿ. ನೀರಿನ ತಂಬಿಗೆಗೆ ಒದ್ದೆ ಬಟ್ಟೆ ಸುತ್ತಿ ಕಿಡಕಿಯ ಬದಿಗೆ ಇಟ್ಟರೆ ನೀರು ತಣ್ಣಗಿರುತ್ತದೆ. ಲೋಂಡಾ ಜಂಕ್ಷನ್ನಿನಲ್ಲಿ ಮೊದಲು ನೀರು ತುಂಬಿಸಿಕೊಳ್ಳಬೇಕು, ಆಮೇಲೆ ಚಹಾ. ಬುತ್ತಿಗೆ ಹಾಲಿನಲ್ಲಿ ನಾದಿದ ದಶಮಿ ರೊಟ್ಟಿಯೇ ಆಗಬೇಕು, ಕೆಡುವುದಿಲ್ಲ. ನೀವು ಎಲ್ಲಿ ಇಳಿಯುವವರು ಎಂದು ಮೊದಲು ಕೇಳಿದವನು ಬುತ್ತಿ ತಂದಿಲ್ಲ ಎಂದು ತಿಳಿಯಬೇಕು. ಇಷ್ಟೂ ನಿಜಕ್ಕೂ ಉಪಯೋಗದ ಮಾತುಗಳು. ನಾನು ಇಂದಿಗೂ ಪಾಲಿಸುತ್ತೇನೆ.

ಅಲ್ಲಿಗೇ ನಿಲ್ಲಿಸಿದ್ದರೆ ಕಾಕಾ ಜಾಣ ಎನಿಸಿಕೊಳ್ಳುತ್ತಿದ್ದ. ರಬ್ಬರಿನಲ್ಲಿ ಕರೆಂಟು ಹಾಯುವುದಿಲ್ಲ ಎಂದು ಯಾರೋ ಅವನಿಗೆ ಹೇಳಿದ್ದರು. ಸೈಕಲ್ಲಿನ ಹಳೆಯ ಟ್ಯೂಬು ಕತ್ತರಿಸಿ, ಹೊಲಿಸಿ, ನನ್ನ ಎರಡೂ ಕಾಲಿಗೆ ಎರಡು ಚೀಲ ಮಾಡಿಸಿ ತಂದಿದ್ದ. ಮೇಲೆ ಲಾಡಿ, ಬದಿಗೆ ಪಂಕ್ಚರಿನ ತೇಪೆ. ಹಾಕಿಕೊಂಡು ನಡೆದರೆ ಬಾತುಕೋಳಿಯೂ ನಾಚಬೇಕು. ಪುಣೆಗೆ ಹೋಗಲು ಇದೇ ಷರತ್ತಾದರೆ ಇಡೀ ಸೈಕಲ್ಲನ್ನೇ ಉಟ್ಟುಕೊಳ್ಳುತ್ತೇನೆ ಎಂದೆ. ಜೊತೆಗೆ ತಮ್ಮ ಬರುವುದು, ಎದುರಿನ ಬೆಂಚಿನಲ್ಲಿ ಕೂಡುವುದು ಎಂದು ಠರಾವಾಯಿತು.

ಹೊರಡುವ ದಿನ ಬೆಳಿಗ್ಗೆ ಅವ್ವ ದಶಮಿಗೆ ಹಿಟ್ಟು ನಾದುತ್ತಿದ್ದಳು. ನನ್ನನ್ನು ಒಲೆಯ ಹತ್ತಿರ ಕರೆದಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದಳು.

"ಗಾಡ್ಯಾಗ ನಿನ್ನ ತಮ್ಮನ ಕಾಲ ಸ್ವಲ್ಪ ನೋಡಕೋ. ಬಾಗಲದಾಗ ಕಾಲ ಹೊರಗ ಬಿಟ್ಟು ಕೂಡೂ ಚಟ ಐತಿ ಅವಂಗ."

ಟ್ಯೂಬಿನಲ್ಲಿ ತುರುಕಿದ್ದು ನನ್ನ ಕಾಲು, ನೋಡಿಕೊಳ್ಳಬೇಕಾದದ್ದು ಅವನ ಕಾಲು, ಇದೆಂಥ ನ್ಯಾಯ ಎಂದು ಕೇಳಿದೆ. ಅವ್ವ ಹಿಟ್ಟಿನಿಂದ ಕೈ ತೆಗೆಯಲಿಲ್ಲ.

"ನೀ ನೆಟ್ಟಗ ತಲಿ ಮುಂದ ಮಾಡಿ ಬಂದಿ. ಕಾಲ ಮುಂದಾಗಿ ಬಂದಾಂವ ಅಂವ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅವ್ವ ಹೇಳುತ್ತ ಹೋದಳು. ಆ ಕೋಣೆಯಲ್ಲಿ ಇದ್ದವರು ಅವಳು, ಸೂಲಗಿತ್ತಿ ಇಬ್ಬರೇ. ಹೊರಗೆ ಬಂದು ಏನು ಹೇಳಿದರೂ ಊರು ನಂಬುತ್ತಿತ್ತು. ಊರಿನ ಬಾಯಲ್ಲಿ ಬಿದ್ದದ್ದೇ ಸಿಡಿಲಿನ ಕಿವಿಗೂ ಬೀಳುತ್ತದೆ ಎಂದು ಸೂಲಗಿತ್ತಿ ಧೈರ್ಯ ಕೊಟ್ಟಳಂತೆ. ಹುಡುಗಿ ಪಾಯಾಳು ಎಂದು ಊರೆಲ್ಲ ಅಂದರೆ ಸಿಡಿಲು ಹುಡುಗಿಯನ್ನೇ ಹುಡುಕುತ್ತದೆ, ಹುಡುಗಿಯ ಕಾಲು ಜೋಳದಲ್ಲಿ ಇರುತ್ತದೆ, ಇಬ್ಬರೂ ಬದುಕುತ್ತಾರೆ. ಲೆಕ್ಕ ಬರೋಬರಿ.

"ಅಂವ ಗಂಡಹುಡುಗ, ಹೊರಗ ಅಡ್ಡಾಡಾಂವ. ಎಷ್ಟಂತ ಕೂಡಿ ಹಾಕೂದು? ನೀ ಹೆಂಗೂ ಮನ್ಯಾಗ ಇರಾಕಿ," ಎಂದಳು.

ಸಿಡಿಲು ಖರೇ ನನ್ನ ಮೇಲೇ ಬಿದ್ದಿದ್ದರೆ ನೀನು ಏನು ಮಾಡುತ್ತಿದ್ದೆ ಎಂದು ಕೇಳಿದೆ. ಅದಕ್ಕೇ ಅಲ್ಲವೇ ಜೋಳದಲ್ಲಿ ಇಡುತ್ತಿದ್ದದ್ದು ಎಂದಳು, ನಾನೇ ತಿಳಿಗೇಡಿ ಎನ್ನುವ ದನಿಯಲ್ಲಿ. ನನಗೆ ಅಷ್ಟು ಸಿಟ್ಟು, ಅಷ್ಟು ದುಃಖ ಜನ್ಮದಲ್ಲಿ ಬಂದಿರಲಿಲ್ಲ. ಏನಾದರೂ ಎತ್ತಿ ಒಗೆಯಬೇಕು ಎನಿಸಿತು. ಕೈಗೆ ಸಿಕ್ಕಿದ್ದು ಬಿಸಿ ದಶಮಿ. ಒಗೆಯಲು ಮನಸ್ಸಾಗದೆ ತಿಂದೆ. ಅಳುತ್ತ ಒಂದರ ಮೇಲೊಂದು ತಿಂದು ಅರ್ಧ ಬುತ್ತಿ ಅಲ್ಲೇ ಮುಗಿಸಿದೆ. ಅವ್ವ ಇನ್ನಷ್ಟು ಹಿಟ್ಟು ಸುರಿದು ಮತ್ತೆ ನಾದತೊಡಗಿದಳು. ಇಷ್ಟು ವರ್ಷ ಹೊಸ್ತಿಲಲ್ಲಿ ನಿಂತು ಅರ್ಜುನನನ್ನು ಕರೆದದ್ದು ಯಾರ ಸಲುವಾಗಿ ಎಂದು ಆಗ ತಿಳಿಯಿತು. ಅವನಿಗೆ ಹೇಳಬೇಡ, ಅಂಜುತ್ತಾನೆ ಎಂದು ಅವ್ವ ಎರಡೆರಡು ಸಲ ಹೇಳಿದಳು. ನಾನು ಹೂಂ ಅನ್ನಲಿಲ್ಲ. ಮೊದಲ ಮಿಂಚಿಗೇ ಹೇಳಿಬಿಡಬೇಕು, ಅವನ ಮುಖ ಹೇಗಾಗುತ್ತದೆ ನೋಡಬೇಕು ಎಂದು ಮನಸ್ಸಿನಲ್ಲೇ ಠರಾಯಿಸಿದೆ.

ಸಂಜೆಯ ಗಾಡಿ. ಮೂರನೇ ದರ್ಜೆಯ ಡಬ್ಬಿಯಲ್ಲಿ ಕಾಲಿಡಲು ಜಾಗವಿಲ್ಲ. ನಾನು ಎರಡು ಗಂಟುಗಳ ನಡುವೆ ಸಿಕ್ಕಿಕೊಂಡು ಕೂತಿದ್ದೆ. ಕಾಕಾ ಪ್ಲಾಟ್‌ಫಾರ್ಮಿನ ಮೇಲಿಂದ ಕೂಗಿ ಕೂಗಿ ಟ್ಯೂಬಿನ ಲಾಡಿ ಬಿಗಿ ಮಾಡಿಸಿದ. ಗಾಡಿ ಬಿಟ್ಟ ಮೇಲೆ ಎದುರಿಗಿದ್ದ ಮುದುಕರೊಬ್ಬರು ತಡೆಯಲಾರದೆ, ಕಾಲಿಗೆ ಏನಾಗಿದೆ ಎಂದು ಕೇಳಿದರು. ತಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮುದುಕರು ಕಿಡಕಿಯ ಹೊರಗೆ ಮೋಡ ನೋಡಿದರು, ನನ್ನನ್ನು ನೋಡಿದರು, ಮೆಲ್ಲಗೆ ಗಂಟು ಎತ್ತಿಕೊಂಡರು. ಸುದ್ದಿ ಡಬ್ಬಿಯ ಆ ತುದಿ ಮುಟ್ಟುವುದರೊಳಗೆ ನನ್ನ ಬೆಂಚು ಪೂರಾ ಖಾಲಿ. ಆ ತುದಿಯಲ್ಲಿ ಒಬ್ಬರ ತೊಡೆಯ ಮೇಲೊಬ್ಬರು, ಈ ತುದಿಯಲ್ಲಿ ಮಹಾರಾಣಿಯಂತೆ ನಾನು. ಮೂರನೇ ದರ್ಜೆಯಲ್ಲಿ ದೂರ ಹೋಗುವವರಿಗೆ ಇದಕ್ಕಿಂತ ಖಾತ್ರಿಯಾದ ಉಪಾಯವನ್ನು ಕಾಕಾನೂ ಹೇಳಿರಲಿಲ್ಲ. ಒಬ್ಬ ಅಜ್ಜಿ ಮಾತ್ರ ಓಡಿ ಬಂದು, ಲಗೂ ಟೊಂಕಕ್ಕೆ ಕಾಲು ಮುಟ್ಟಿಸಿಕೊಂಡು, ಮತ್ತೆ ಓಡಿದಳು. ನಾನು ಪಾಯಾಳು ಅಲ್ಲ ಎಂದು ಅವಳಿಗೆ ಹೇಳುವುದು ಹೇಗೆ? ಓಡುವಾಗ ಅವಳ ಟೊಂಕ ಸರಿಯಾಗಿಯೇ ಇತ್ತು.

ತಮ್ಮ ಎಂದಿನಂತೆ ಬಾಗಿಲಲ್ಲಿ ಕೂತು ಕಾಲು ಹೊರಗೆ ಇಳಿಬಿಟ್ಟಿದ್ದ. ಅಳ್ನಾವರ ಹತ್ತಿರವಾದಾಗ ಆಕಾಶ ಹರಿದು ಬಿದ್ದಂತೆ ಗುಡುಗಿತು. ಅವನು ಎದ್ದು ಒಳಗೆ ಬಂದ. ಆ ತುದಿಯಲ್ಲಿ ಮುದುಕರು ಅವನಿಗೆ ಜಾಗ ಮಾಡಿಕೊಟ್ಟು, ಬಾ ಎಂದು ಕೈ ಮಾಡಿದರು. ಅವನು ಅವರನ್ನು ನೋಡಿದ, ನನ್ನನ್ನು ನೋಡಿದ. ಬಂದು ನನ್ನ ಪಕ್ಕ ಕೂತ. ಭುಜಕ್ಕೆ ಭುಜ ತಾಗಿಸಿ ಕೂತ.

"ಅಂಜಿಕಿ ಆಗವಲ್ದೇನು ನಿನಗ?" ಎಂದೆ.

"ಆಗತೈತಿ," ಎಂದ. "ಆದ್ರ ಇಷ್ಟ ವರ್ಷ ನೀ ಒಬ್ಬಾಕಿನ ಕುಂತಿ. ಇವತ್ತ ನಡುವ ಬಾಗಲಾನೂ ಇಲ್ಲ."

ಬೆಳಿಗ್ಗೆಯಿಂದ ನಾಲಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಮಾತು ಅಲ್ಲೇ ಉಳಿಯಿತು. ಹೊರಗೆ ಮಿಂಚು ಹೊಡೆಯಿತು. ನಾನು ಕಣ್ಣು ಮುಚ್ಚದೆ ನೋಡಿದೆ. ಬಿರಿದ ಕೆರೆಯ ತಳದಂತೆಯೇ ಇತ್ತು. ಆಮೇಲಿನದು ಅಜ್ಜಿಯ ಕೈಯ ನರದಂತೆ. ಅವನು ಬಣ್ಣ ಕಟ್ಟಿ ಹೇಳುತ್ತಾನೆ ಎಂದುಕೊಂಡಿದ್ದೆ, ಒಂದೂ ಸುಳ್ಳು ಹೇಳಿರಲಿಲ್ಲ. ನನಗೆ ಅಳು ಬಂತು.

ಪಾಯಾಳು, ಸಿಡಿಲು, ಜೋಳ ಇದರಲ್ಲಿ ಯಾವುದರ ಮೇಲೂ ಆ ಬೆಳಿಗ್ಗೆಯ ನಂತರ ನನಗೆ ನಂಬಿಕೆ ಉಳಿದಿರಲಿಲ್ಲ. ಆದರೂ ಕೆಳಗೆ ಅವನ ಬರಿಗಾಲು ಕಂಡವು, ಒದ್ದೆಯಾಗಿ, ಬೆಳ್ಳಗೆ. ನಾನು ಬಗ್ಗಿ ಲಾಡಿ ಬಿಚ್ಚಿ ಟ್ಯೂಬಿನ ಚೀಲ ಎರಡನ್ನೂ ತೆಗೆದೆ. ನನ್ನ ಕಾಲನ್ನು ಅವನ ಕಾಲಿನ ಮೇಲೆ ಇಟ್ಟೆ. ಇಷ್ಟು ವರ್ಷ ಮೋಸಹೋದ ಸಿಡಿಲು ಇನ್ನೊಂದು ಸಂಜೆ ಮೋಸಹೋದರೆ ಅದಕ್ಕೇನು ನಷ್ಟ?

"ಭಾರ ಆಗಾಕತ್ತಾವು, ತಗಿ," ಎಂದ.

ಸುಮ್ಮನೆ ಕೂಡು ಎಂದೆ. ಲೋಂಡಾ ಬಂದು ಮಳೆ ಹಿಂದೆ ಬೀಳುವ ತನಕ ತೆಗೆಯಲಿಲ್ಲ.